ಅಪ್ಪನಿಗೆ: ಹಳೆಯ ಕಾರಿನ ಸ್ಪ್ರಿಂಗ್, ಶಾಕ್‌ಗಳ ಬಗ್ಗೆ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಿಮ್ಮ ಮತ್ತು ಅಮ್ಮನ ಆರೋಗ್ಯದ ವಿಷಯ ತಿಳಿಸಿ. ಮೊನ್ನೆ ಫೋನಿನಲ್ಲಿ ನೀವು, "ಅಷ್ಟೊಂದು ಕುಲುಕುವುದಾದರೆ ಮೆತ್ತನೆಯ ಸ್ಪ್ರಿಂಗ್ ಹಾಕಿಸಿಬಿಡು" ಎಂದಿರಿ. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಈ ಕಾರಿಗೆ ಹಾಗೆ ಮಾಡಿದರೆ ಕುಲುಕಾಟ ಇನ್ನೂ ಹೆಚ್ಚುತ್ತದೆ. ಏಕೆಂದು ಫೋನಿನಲ್ಲಿ ಬಿಡಿಸಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರು ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಾದರಿ. ಇಬ್ಬರೇ ಕೂರಬಹುದು, ತೂಕ ಒಂದು ಟನ್‌ನ ಆಸುಪಾಸು. ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತದೆ. ನಡುವೆ ಶಾಕ್, ಅಂದರೆ ಸ್ಪ್ರಿಂಗಿನ ಪುಟಿತ ಅಡಗಿಸುವ ಎಣ್ಣೆಯ ಕೊಳವೆ; ಅದನ್ನು ಸುತ್ತುವರಿದು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಹಿಂದಿನ ಮಾಲೀಕರು ಕಾರು ನೆಲಕ್ಕೆ ತಗ್ಗಿ ಕಾಣಲೆಂದು ಗಿಡ್ಡ ಸ್ಪ್ರಿಂಗ್‌ಗಳನ್ನು ಹಾಕಿಸಿ, ಶಾಕ್‌ಗಳನ್ನು ಮಾತ್ರ ಹಳೆಯವನ್ನೇ ಉಳಿಸಿಕೊಂಡಿದ್ದಾರೆ. ತೊಂದರೆಯ ಬೇರು ಇರುವುದು ಅಲ್ಲಿಯೇ.

ಹಳ್ಳ ದಿಣ್ಣೆ ಸಿಕ್ಕಾಗ ಚಕ್ರ ಮೇಲಕ್ಕೇರಲು ಒಂದಿಷ್ಟು ಜಾಗ ಬೇಕು. ಆ ಜಾಗ ಮುಗಿಯುವಲ್ಲಿ ಬಂಪ್ ಸ್ಟಾಪ್ ಎಂಬ ಸಣ್ಣ ತುಂಡು ಇರುತ್ತದೆ. ಲೋಹಕ್ಕೆ ಲೋಹ ಬಡಿಯದಂತೆ ತಡೆಯುವುದು ಅದರ ಕೆಲಸ. ಈ ಮಾದರಿಯಲ್ಲಿ ಮೊದಲೇ ಆ ಜಾಗ ಕಡಿಮೆ. ಕಾರನ್ನು ತಗ್ಗಿಸಿದಾಗ ಅದರಲ್ಲೂ ಹೆಚ್ಚಿನ ಪಾಲು ಹೋಗುತ್ತದೆ. ನನಗೆ ಅನುಮಾನವಿತ್ತು. ಹಾಗಾಗಿ ಶಾಕ್‌ನ ಹೊಳೆಯುವ ರಾಡಿಗೆ ತೆಳುವಾದ ಪ್ಲಾಸ್ಟಿಕ್ ಟೈ ಬಿಗಿದು, ದಿನವೂ ಓಡಾಡುವ ರಸ್ತೆಯಲ್ಲೇ ಕಾರು ಓಡಿಸಿದೆ. ರಾಡ್ ಒಳಗೆ ಹೋದಷ್ಟೂ ಟೈ ಅದರ ಮೇಲೆ ಸರಿಯುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ವಾಪಸು ಬಂದು ನೋಡಿದಾಗ ಅದು ಬಂಪ್ ಸ್ಟಾಪ್‌ಗೆ ಒತ್ತಿಕೊಂಡು ನಿಂತಿತ್ತು. ಅಂದರೆ ನನ್ನ ಬೆನ್ನಿಗೆ ತಾಗುತ್ತಿರುವ ಹೊಡೆತ ಸ್ಪ್ರಿಂಗಿನ ಗಡಸುತನದ್ದಲ್ಲ, ಚಕ್ರಕ್ಕೆ ಮೇಲೇರಲು ಜಾಗವಿಲ್ಲದ್ದರದು. ಇನ್ನೂ ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಚಕ್ರ ಇನ್ನೂ ಬೇಗ, ಇನ್ನೂ ಜೋರಾಗಿ ಅಲ್ಲಿಗೆ ಹೋಗಿ ಬಡಿಯುತ್ತದೆ.

ಆದ್ದರಿಂದ ಕಾರನ್ನು ಕಾರ್ಖಾನೆಯ ಮೂಲ ಎತ್ತರಕ್ಕೆ ತರಬೇಕು ಎಂಬುದು ನನ್ನ ಮೊದಲ ತೀರ್ಮಾನ. ತಗ್ಗಿದ ಕಾರು ನೋಡಲು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ತಗ್ಗಿಸಲೇಬೇಕೆನ್ನುವವರಿಗೆ ಬಿಲ್‌ಸ್ಟೈನ್ ಕಂಪನಿಯ ಬಿ8ರಂತಹ, ಗಿಡ್ಡ ಸ್ಪ್ರಿಂಗಿಗೆಂದೇ ಉದ್ದ ಕಡಿಮೆ ಮಾಡಿದ ಶಾಕ್‌ಗಳಿವೆ. ಉದ್ದದ ಶಾಕ್‌ಗೆ ಗಿಡ್ಡ ಸ್ಪ್ರಿಂಗ್ ಜೋಡಿಸುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ.

ಹಳೆಯ ಸ್ಪ್ರಿಂಗ್ ಸೋತು ಮೆತ್ತಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನೀವೂ ಹೇಳಿದಿರಿ. ಇದು ನನಗೂ ಹೊಸದಾಗಿ ತಿಳಿದದ್ದು: ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಗುಣದಿಂದ ಬರುತ್ತದೆ. ವಯಸ್ಸಾದ ಮಾತ್ರಕ್ಕೆ ಇವು ಬದಲಾಗುವುದಿಲ್ಲ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್ ಸ್ವಲ್ಪ ಕುಸಿದು ಉದ್ದ ಕಳೆದುಕೊಳ್ಳುತ್ತದೆ, ಅಷ್ಟೇ. ತಂತಿಯ ದಪ್ಪಕ್ಕಂತೂ ಎಲ್ಲಿಲ್ಲದ ಮಹತ್ವ: ಶೇಕಡಾ 10ರಷ್ಟು ದಪ್ಪ ಹೆಚ್ಚಿಸಿದರೆ ಗಡಸುತನ ಸುಮಾರು ಶೇಕಡಾ 46ರಷ್ಟು ಏರುತ್ತದೆ. ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸುವವರೂ ಇದ್ದಾರೆ. ಸುತ್ತು ಕಡಿಮೆಯಾದರೆ ಉಳಿದ ಸ್ಪ್ರಿಂಗ್ ಗಡಸಾಗುತ್ತದೆ, ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಅಪಾಯದ ಕೆಲಸ ಅದು. ಹಳೆಯ ಸ್ಪ್ರಿಂಗಿನ ನಿಜವಾದ ಶತ್ರು ತುಕ್ಕು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ; ಕೆಳಗಿನ ಸುತ್ತಿನಲ್ಲಿ ಬಣ್ಣ ಎದ್ದು, ತುಕ್ಕು ಹಿಡಿದು, ಒಂದು ದಿನ ಅಲ್ಲಿಯೇ ಮುರಿಯುತ್ತದೆ. ನನ್ನ ಕಾರಿನಲ್ಲಿಯೂ ಬಣ್ಣ ಏಳಲು ಶುರುವಾಗಿದೆ. ಹಾಗಾಗಿ ನಾಲ್ಕೂ ಹೊಸವು, ಮೂಲ ಗಡಸುತನದವೇ.

ಇನ್ನು ಶಾಕ್. ಕಾರಿನ ಭಾರ ಹೊರುವುದು ಸ್ಪ್ರಿಂಗ್, ಅದರ ಪುಟಿತವನ್ನು ಅಡಗಿಸುವುದು ಶಾಕ್. ಒಳಗಿನ ಪಿಸ್ಟನ್ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ತಳ್ಳುವಾಗ ಪುಟಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಹೀಗಾಗಿ ಇವೆರಡನ್ನೂ ಒಟ್ಟಿಗೇ ಆರಿಸಬೇಕು. ಸ್ಪ್ರಿಂಗನ್ನು ಶೇಕಡಾ 50ರಷ್ಟು ಗಡಸು ಮಾಡಿದರೆ, ಪುಟಿತದ ಮೇಲೆ ಅಷ್ಟೇ ಹಿಡಿತ ಉಳಿಯಲು ಶಾಕ್‌ನ ತಡೆ ಸುಮಾರು ಶೇಕಡಾ 22ರಷ್ಟು ಹೆಚ್ಚಬೇಕು. ಅದು ಹೆಚ್ಚದಿದ್ದರೆ ಗಡಸು ಸ್ಪ್ರಿಂಗ್ ಕಾರನ್ನು ಕುಣಿಸುತ್ತಲೇ ಇರುತ್ತದೆ.

ನನ್ನ ಮುಂದೆ ಎರಡು ಬಗೆಯ ಶಾಕ್‌ಗಳಿದ್ದವು. ಒಂದು ಮೊನೊಟ್ಯೂಬ್, ಒಂದೇ ಕೊಳವೆ, ಒಂದು ತುದಿಯಲ್ಲಿ ಹೆಚ್ಚಿನ ಒತ್ತಡದ ನೈಟ್ರೋಜನ್. ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಇದನ್ನು ತಯಾರಿಸತೊಡಗಿತು. ಎಣ್ಣೆ ಬೇಗ ತಣಿಯುತ್ತದೆ, ನೊರೆಯಾಗುವುದಿಲ್ಲ. ರೇಸ್ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವವರಿಗೆ ಇದೇ ಸರಿ. ಆದರೆ ಕಲ್ಲು ಬಡಿದು ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ, ಏಕೆಂದರೆ ಅದು ಚಲಿಸುವುದು ಆ ಹೊರ ಕೊಳವೆಯೊಳಗೇ. ಇನ್ನೊಂದು ಟ್ವಿನ್‌ಟ್ಯೂಬ್, ಕೊಳವೆಯೊಳಗೆ ಕೊಳವೆ. ಹೊರಗಿನದಕ್ಕೆ ಸಣ್ಣ ಪೆಟ್ಟು ಬಿದ್ದರೆ ಚಿಂತೆಯಿಲ್ಲ. ನಾನು ಆರಿಸಿದ್ದು ಈ ಎರಡನೆಯ ಬಗೆಯ, ಕೋನಿ ಕಂಪನಿಯ ಹಳದಿ ಬಣ್ಣದ ಶಾಕ್. ಅದರಲ್ಲಿ ಸ್ಪ್ರಿಂಗ್ ಮರಳಿ ಹಿಗ್ಗುವಾಗಿನ ತಡೆಯನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ನನ್ನ ಓಡಾಟವೆಲ್ಲ ಸಾಮಾನ್ಯ ರಸ್ತೆಯಲ್ಲಿ, ಅದಕ್ಕೆ ಇದೇ ಹೊಂದುತ್ತದೆ. ಮುಂದೆ ಸ್ವಲ್ಪ ಗಡಸು ಸ್ಪ್ರಿಂಗ್ ಬೇಕೆನಿಸಿದರೂ ಹೊಸ ಶಾಕ್ ಕೊಳ್ಳಬೇಕಾಗಿಲ್ಲ.

ಜೊತೆಗೆ ಬಂಪ್ ಸ್ಟಾಪ್‌ಗಳು, ರಾಡಿನ ಧೂಳುಕವಚಗಳು ಮತ್ತು ಮೇಲ್ತುದಿಯ ರಬ್ಬರ್‌ಗಳು ಎಲ್ಲವೂ ಹೊಸವು. ಹಳೆಯ ಬಂಪ್ ಸ್ಟಾಪ್ ಮುಟ್ಟಿದರೆ ಪುಡಿಯಾಗುತ್ತದೆ.

ನೀವು ಹೆದರುತ್ತೀರೆಂದು ಗೊತ್ತು, ಆದ್ದರಿಂದ ಹೇಳಿಬಿಡುತ್ತೇನೆ: ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಜೀವಕ್ಕೇ ಅಪಾಯ. ಸ್ಪ್ರಿಂಗ್ ಒತ್ತುವ ಭದ್ರವಾದ ಯಂತ್ರವಿರುವ ವರ್ಕ್‌ಶಾಪಿನಲ್ಲಿಯೇ ಆ ಭಾಗ ಮಾಡಿಸುತ್ತೇನೆ, ಉಳಿದ ಬೋಲ್ಟುಗಳ ಕೆಲಸ ಮಾತ್ರ ನನ್ನದು. ರಬ್ಬರ್ ಬುಷ್ (ಕೀಲಿನೊಳಗೆ ಕೂರುವ ರಬ್ಬರ್ ಉಂಗುರ) ಇರುವ ಬೋಲ್ಟುಗಳನ್ನು ಕಾರು ಮೇಲೆತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರಗಳ ಮೇಲೆ ಭಾರ ಬಿಟ್ಟ ನಂತರವೇ ಕೊನೆಯ ಬಿಗಿತ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ, ಆದ್ದರಿಂದ ಕೆಲವು ದಿನ ಓಡಿಸಿ ಸ್ಪ್ರಿಂಗ್‌ಗಳು ಕುಳಿತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುತ್ತೇನೆ. ಶಾಕ್‌ಗಳನ್ನು ಮೊದಲು ಅತ್ಯಂತ ಮೃದು ಹೊಂದಿಕೆಯಲ್ಲಿಟ್ಟು, ದಿಣ್ಣೆ ದಾಟಿದ ಮೇಲೆ ಕಾರು ತೇಲಿದಂತಾದರೆ ಮಾತ್ರ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸುವ ಯೋಚನೆಯಿದೆ. ಹಿಂದೆ ಮತ್ತು ಮುಂದೆ ಒಂದೇ ಸಲ ತಿರುಗಿಸುವುದಿಲ್ಲ. ಯಾವುದರಿಂದ ಏನಾಯಿತೆಂದು ತಿಳಿಯಬೇಕಲ್ಲ.

ಸಾಮಾನುಗಳು ಬಂದಿವೆ. ಇದನ್ನೆಲ್ಲ ಓದಿಯೂ ನಿಮಗೆ ಮೆತ್ತನೆಯ ಸ್ಪ್ರಿಂಗೇ ಸರಿ ಎನಿಸಿದರೆ, ಕಾರಣ ಸಮೇತ ಬರೆಯಿರಿ. ಖಂಡಿತ ಯೋಚಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು