ಮುಲುಂಡಿನಿಂದ ಮೊರೊಗೊರೊವರೆಗೆ ಕೈಹಿಡಿದವರಿಗೆ

ಹೋದ ಶುಕ್ರವಾರ ಟಾಂಜಾನಿಯಾದ ಮೊರೊಗೊರೊದಲ್ಲಿ ನಮ್ಮ 10 ವಾರಗಳ ತರಬೇತಿ ಮುಗಿಯಿತು. ಉಲುಗುರು ಬೆಟ್ಟಗಳ ಕೆಳಗೆ ನಿಂತು ಪ್ರಮಾಣ ಮಾಡಿದೆವು. ಇನ್ನು 2 ವರ್ಷ ನಾನು ಇರಿಂಗಾ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸ್ವಯಂಸೇವಕಿ. ಹೊರಡುವ ಮುಂಚೆ ಸ್ವಲ್ಪ ರಜೆ ಸಿಕ್ಕಿದೆ. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಅಮ್ಮ ಸಾರಿನ ಪುಡಿಗೆ ಕೊತ್ತಂಬರಿ ಹುರಿಯುತ್ತಿದ್ದಾಳೆ.

ಅಲ್ಲಿಗೇ ಯಾಕೆ ಅಂತ ತುಂಬಾ ಜನ ಕೇಳಿದಿರಿ. ಟಾಂಜಾನಿಯಾದ ಸರ್ಕಾರಿ ಶಾಲೆಗಳಲ್ಲಿ ಏಳನೇ ಕ್ಲಾಸಿನವರೆಗೆ ಪಾಠ ಸ್ವಾಹಿಲಿಯಲ್ಲಿ. ಹೈಸ್ಕೂಲಿಗೆ ಬಂದ ಕೂಡಲೇ ಇಂಗ್ಲಿಷ್. ಇದನ್ನು ಓದಿದ ದಿನವೇ ಅರ್ಜಿ ಹಾಕಿದೆ. ನಾನೂ ಏಳನೇ ಕ್ಲಾಸಿನವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವಳು. ಎಂಟಕ್ಕೆ ಇಂಗ್ಲಿಷ್ ಶಾಲೆ. ಛೇದ ಗೊತ್ತಿತ್ತು, ಡಿನಾಮಿನೇಟರ್ ಗೊತ್ತಿರಲಿಲ್ಲ. ಲೆಕ್ಕ ಬರುತ್ತಿತ್ತು, ಆದರೆ ಕೈ ಎತ್ತುತ್ತಿರಲಿಲ್ಲ.

ಆಗ ಮೂರನೇ ಮಹಡಿಯ ಅಕ್ಕ ನನಗೊಂದು ನೋಟ್‌ಬುಕ್ ಮಾಡಿಕೊಟ್ಟರು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಭಿನ್ನರಾಶಿ, ವೃತ್ತ, ತ್ರಿಕೋನ, ಎಲ್ಲವೂ ಅವರ ಕೈಬರಹದಲ್ಲಿ. ದಿನಾ ರಾತ್ರಿ ಅಡುಗೆ ಮುಗಿಸಿ ಬಂದು ನನ್ನ ಜೊತೆ ಕೂರುತ್ತಿದ್ದರು. ಒಂದು ದಿನವೂ ಇಷ್ಟೂ ಬರಲ್ವಾ ಅಂದವರಲ್ಲ.

ಅಪ್ಪನಿಗೂ ಹೀಗೇ ಯಾರೋ ಸಿಕ್ಕಿದ್ದರು. ಕುಂದಾಪುರದಿಂದ ಮುಂಬಯಿಗೆ ಬಂದಾಗ ಅವನಿಗೆ 14 ವರ್ಷ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿ ಶಾಲೆ. ಆಫೀಸು ಮುಗಿಸಿ ಸುಸ್ತಾಗಿ ಬಂದು ಹುಡುಗರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರುಗಳ ಬಗ್ಗೆ ಅಪ್ಪ ಇವತ್ತೂ ದನಿ ತಗ್ಗಿಸಿಯೇ ಮಾತಾಡುತ್ತಾನೆ. ಅವರು ಯಾರೂ ನನಗೆ ಗೊತ್ತಿಲ್ಲ. ಆದರೂ ನನ್ನ ಮೊದಲ ನಮಸ್ಕಾರ ಅವರಿಗೆ.

ಇನ್ನು ಮೊರೊಗೊರೊದ ಮಾಮಾ. ಸ್ವಾಹಿಲಿಯಲ್ಲಿ ಮಾಮಾ ಅಂದರೆ ಅಮ್ಮ. ತರಬೇತಿಯಷ್ಟೂ ದಿನ ನನ್ನನ್ನು ಮನೆಯಲ್ಲಿ ಇಟ್ಟುಕೊಂಡವರು. ಐದನೇ ವಾರ ಸ್ವಾಹಿಲಿಯ ಮಾತಿನ ಪರೀಕ್ಷೆಯಲ್ಲಿ ಫೇಲಾದೆ. ಮತ್ತೆ ಫೇಲಾದರೆ ವಾಪಸ್ ಹೋಗಬೇಕಾಗಬಹುದು ಅಂತ ಹೇಳಿದ್ದರು. ಅವತ್ತು ಸೊಳ್ಳೆಪರದೆಯೊಳಗೆ ಕೂತು ತುಂಬಾ ಅತ್ತೆ. ಮಾಮಾ ಬಂದು ಪಕ್ಕದಲ್ಲಿ ಕೂತರು. "ಪೋಲೆ" ಅಂದರು, ಅಷ್ಟೇ. ಬಿದ್ದವರಿಗೆ, ಕಾಯಿಲೆಯವರಿಗೆ, ಭಾರ ಹೊತ್ತು ಬಂದವರಿಗೆ, ಎಲ್ಲರಿಗೂ ಅಲ್ಲಿ ಹೇಳುವ ಮಾತು ಅದು. ನಮ್ಮ "ಅಯ್ಯೋ ಪಾಪ" ಅದಕ್ಕೆ ಹತ್ತಿರ ಬರುತ್ತದೆ. ಆದರೆ ಎದುರಿಗೆ ಹೇಳಿದರೆ ಪಾಪ ಅನ್ನುವುದು ಕೆಲವೊಮ್ಮೆ ಚುಚ್ಚುತ್ತದೆ ಅಲ್ವಾ? ಪೋಲೆ ಚುಚ್ಚುವುದಿಲ್ಲ.

ಮಾರನೇ ದಿನದಿಂದ ನಮ್ಮ ಕ್ಲಾಸು ಒಲೆಯ ಮುಂದೆ. ಮಾಮಾ ಉಗಾಲಿ ತಿರುವುತ್ತಿದ್ದರು. ಅದು ಮೆಕ್ಕೆಜೋಳದ ಹಿಟ್ಟಿನದು, ನೋಡಲು ಬಿಳಿ ಮುದ್ದೆ. ತಿರುವುತ್ತಲೇ ಒಂದೊಂದು ಸಾಮಾನು ತೋರಿಸಿ ಹೆಸರು ಹೇಳಿಸುತ್ತಿದ್ದರು. ಗಂಟೆ ಹೇಳುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ಅಲ್ಲಿ ಎಣಿಕೆ ಬೆಳಗಾದ ಮೇಲೆ ಶುರು, ನಮ್ಮ ಏಳು ಗಂಟೆ ಅವರಿಗೆ ಒಂದು. ಹಿರಿಯರು ಎದುರಾದರೆ "ಶಿಕಮೋ" ಅನ್ನಬೇಕು. ನಿಮ್ಮ ಕಾಲು ಹಿಡಿಯುತ್ತೇನೆ ಅನ್ನುವುದು ಅದರ ಹಳೆಯ ಅರ್ಥವಂತೆ. ಕಾಲಿಗೆ ಬೀಳುವುದನ್ನು ನೋಡಿಕೊಂಡೇ ಬೆಳೆದ ನನಗೆ ಆ ಮಾತು ಬೇಗ ಬಾಯಿಗೆ ಬಂತು. ಅದಕ್ಕೆ ಮಾಮಾ ಪ್ರತಿ ಸಲವೂ ಅಷ್ಟೇ ಪ್ರೀತಿಯಿಂದ "ಮರಹಬಾ" ಅನ್ನುತ್ತಿದ್ದರು. ಎರಡನೇ ಸಲ ಪಾಸಾದೆ.

ಒಂದು ಸಂಜೆ ತ್ರಿಕೋನ ಬರೆದು ತೋರಿಸಿದೆ. "ಪೆಂಬೆತಾತು" ಅಂದರು. ಪೆಂಬೆ ಅಂದರೆ ಮೂಲೆ, ತಾತು ಅಂದರೆ ಮೂರು. ಅಕ್ಕನ ಹಳೇ ನೋಟ್‌ಬುಕ್ ತೆಗೆದು ಅದರ ಅಂಚಿನಲ್ಲಿ ಬರೆದುಕೊಂಡೆ. ಈಗ ಅದರಲ್ಲಿ ಮೂರನೇ ಸಾಲೂ ತುಂಬುತ್ತಿದೆ.

ಅಮ್ಮನ ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಮಾತ್ರೆ ತಂದುಕೊಡುತ್ತೇವೆ ಅಂತ ಒಪ್ಪಿಕೊಂಡ ಬಿಲ್ಡಿಂಗಿನ ಹುಡುಗರಿಗೆ, ನನ್ನ ಟ್ಯೂಷನ್ ಮಕ್ಕಳನ್ನು ಸುಮ್ನೆ ಕೇಳಿದ್ದಕ್ಕೇ ವಹಿಸಿಕೊಂಡ ಗೆಳತಿಗೆ ಎಷ್ಟು ಹೇಳಿದರೂ ಕಡಿಮೆ. ನೀವಿಲ್ಲದೆ ನಾನು ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಅಕ್ಕಾ, ಮೊನ್ನೆ ಬಂದಾಗ ನಿಮ್ಮ ಮನೆಗೆ ಬೀಗ ಹಾಕಿತ್ತು. ಊರಿಗೆ ಹೋಗಿದ್ದೀರಂತೆ. ನೋಟ್‌ಬುಕ್ಕನ್ನು ಇನ್ನೊಂದು 2 ವರ್ಷ ಇಟ್ಟುಕೊಳ್ಳುತ್ತೇನೆ. ಅಲ್ಲಿ ಮಕ್ಕಳು ಕಾಯುತ್ತಿದ್ದಾರೆ.