ಜಾನೆಟ್ ಹೆಸರೇ ಇಲ್ದೆ ಅಲ್ಟಿಮೇಟ್ಸ್ ಬಗ್ಗೆ ಬರೆದ್ರೆ ಹೇಗೆ?

ಮಾನ್ಯ ಸಂಪಾದಕರೇ, ನಮಸ್ಕಾರ.

ಭಾನುವಾರದ ಪುರವಣೀಲಿ ರಜೆಗೆ ಮಕ್ಕಳಿಗೆ ಕೊಡಿಸಬಹುದಾದ ಕಾಮಿಕ್ಸ್ ಅಂತ ಒಂದು ಪಟ್ಟಿ ಹಾಕಿದ್ರಲ್ಲ, ಅದರಲ್ಲಿ 'ದಿ ಅಲ್ಟಿಮೇಟ್ಸ್' ನೋಡಿ ಗಾಬರಿ ಆಯ್ತು. ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋ ತಂಡ ಅವೆಂಜರ್ಸ್ ಕಥೇನೇ, ಸ್ವಲ್ಪ ಡಾರ್ಕ್ ಅಷ್ಟೇ ಅಂತ ಎರಡು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ, ಆ ತಂಡದ ಜಾನೆಟ್ ಹೆಸರೂ ಇಲ್ಲ. ದಯವಿಟ್ಟು ಅದನ್ನ ಮಕ್ಕಳ ಪಟ್ಟಿಯಿಂದ ತೆಗೀರಿ. ನನಗೆ ಬಹಳ ಇಷ್ಟವಾದ ಪುಸ್ತಕ ಅದು, ಅದಕ್ಕೇ ಹೇಳ್ತಿದ್ದೀನಿ.

ಮಾರ್ಕ್ ಮಿಲ್ಲರ್ ಬರೆದು ಬ್ರಯಾನ್ ಹಿಚ್ ಚಿತ್ರ ಬಿಡಿಸಿದ ಈ ಸರಣಿ 2002ರಲ್ಲಿ ಶುರುವಾಯ್ತು. 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಮಾಡಿದ ಹಳೇ ತಂಡಾನ ಎತ್ಕೊಂಡು ಬಂದು 9/11 ಆದ್ಮೇಲಿನ ಅಮೆರಿಕದಲ್ಲಿ ನಿಲ್ಲಿಸಿದ್ದಾರೆ. ಇಲ್ಲಿ ಹೀರೋಗಳು ಸರ್ಕಾರದ ಕೆಲಸಕ್ಕಿರೋರು, ಅವರನ್ನ ನಡೆಸೋನು ನಿಕ್ ಫ್ಯೂರಿ, ಮ್ಯಾನ್‌ಹಟನ್ ಪುಡಿ ಮಾಡಿ ನೂರಾರು ಜನರನ್ನ ಕೊಂದ ಹಲ್ಕ್ ಅನ್ನೋ ದೈತ್ಯ ಇವರದೇ ತಂಡದ ವಿಜ್ಞಾನಿ ಬ್ರೂಸ್ ಬ್ಯಾನರ್, ಆ ವಿಷ್ಯಾನ ಜನಕ್ಕೆ ಗೊತ್ತಾಗದ ಹಾಗೆ ಮುಚ್ಚಿಡ್ತಾರೆ. ಇಷ್ಟೇ ಆಗಿದ್ರೆ ದೊಡ್ಡ ಮಕ್ಕಳು ಓದ್ಲಿ ಬಿಡಿ ಅಂತಿದ್ದೆ.

ಆದ್ರೆ ಆರನೇ ಸಂಚಿಕೆ ಇದೆಯಲ್ಲ. ಹಲ್ಕ್ ಜೊತೆಗಿನ ಹೊಡೆದಾಟದಲ್ಲಿ ಕೈಲಾಗದೆ ಅವಮಾನ ತಿಂದ ತಂಡದ ಇನ್ನೊಬ್ಬ ವಿಜ್ಞಾನಿ ಹ್ಯಾಂಕ್ ಪಿಮ್ ಮನೇಲಿ ಹೆಂಡತಿ ಜಾನೆಟ್ ಮೇಲೆ ಕೈ ಮಾಡ್ತಾನೆ. ತಂಡದಲ್ಲಿ ವಾಸ್ಪ್ ಅಂದ್ರೆ ಕಣಜ ಅಂತ ಹೆಸರಿರೋ ಅವಳು ಕಣಜದಷ್ಟು ಚಿಕ್ಕವಳಾಗಿ ಹಾರಿ ತಪ್ಪಿಸ್ಕೊಳ್ಳೋಕೆ ನೋಡಿದ್ರೆ ಇವನು ಹುಳ ಸಾಯಿಸೋ ಸ್ಪ್ರೇ ಹೊಡೀತಾನೆ, ಆಮೇಲೆ ಇರುವೆಗಳನ್ನ ಆಡಿಸೋ ಹೆಲ್ಮೆಟ್ ಹಾಕ್ಕೊಂಡು ಅವನ್ನ ಅವಳ ಮೇಲೆ ಬಿಡ್ತಾನೆ. ಜಗತ್ತು ಉಳಿಸೋಕೆ ಅಂತ ಇಟ್ಕೊಂಡಿದ್ದ ವಿದ್ಯೆ ಪೂರ್ತಿ ಅಡುಗೆಮನೆ ಹಾಲ್ ನಡುವೆ ಒಬ್ಬ ಹೆಂಗಸಿನ ಮೇಲೆ ಖರ್ಚಾಗುತ್ತೆ. ಹಳೇ ಅವೆಂಜರ್ಸ್‌ನಲ್ಲೂ 1981ರ 213ನೇ ಸಂಚಿಕೇಲಿ ಹ್ಯಾಂಕ್ ಒಂದೇಟು ಹೊಡೆದಿದ್ದ, ಅದು ಅವನಿಗೆ ಅಂಟಿಕೊಂಡೇ ಇದೆ. ಇಲ್ಲಿ ಮಿಲ್ಲರ್ ಆ ಒಂದೇಟನ್ನ ಬಿಡಿಸಿ ಇಡೀ ಮನೆ ಒಳಗೆ ಕರ್ಕೊಂಡು ಹೋಗಿ ತೋರಿಸ್ತಾರೆ. ಆಮೇಲೆ ಕ್ಯಾಪ್ಟನ್ ಅಮೆರಿಕ ಹ್ಯಾಂಕ್‌ನ ಹುಡುಕಿ ಹೋಗಿ ಚಚ್ಚುತ್ತಾನೆ, ಓದೋರಿಗೆ ಸಮಾಧಾನ ಆಗುತ್ತೆ, ಆದ್ರೆ ಜಾನೆಟ್ ಕಷ್ಟ ಅಲ್ಲಿಗೆ ತೀರಲ್ಲ, ಎರಡನೇ ಭಾಗದಲ್ಲಿ ಅವಳ ಮನಸ್ಸು ಮತ್ತೆ ಹ್ಯಾಂಕ್ ಕಡೆನೇ ಎಳೆಯುತ್ತೆ. ಓದ್ತಾ ಸಿಟ್ಟು ಬರುತ್ತೆ, ಆದ್ರೆ ಸುಳ್ಳು ಅನ್ನಿಸಲ್ಲ, ಇಂಥ ಮನೆಗಳನ್ನ ನೋಡಿರೋರಿಗೆ ಗೊತ್ತು.

ಇನ್ನೊಂದು ಮಾತು. ನಿಮ್ಮ ಲೇಖನದಲ್ಲಿ ಇದನ್ನೂ 2008–09ರ 'ಅಲ್ಟಿಮೇಟಮ್'ನ್ನೂ ಒಂದೇ ತಕ್ಕಡೀಲಿ ಹಾಕಿದ್ದೀರಿ. ಅದು ಜೆಫ್ ಲೋಬ್ ಬರೆದಿದ್ದು, ಅದೇ ಲೋಕದ ಕಥೆ. ಅದರಲ್ಲಿ ಜಾನೆಟ್ ಸಾಯ್ತಾಳೆ, ಬ್ಲಾಬ್ ಅನ್ನೋ ವಿಲನ್ ಅವಳ ಹೆಣ ತಿಂತಿರ್ತಾನೆ, ಹ್ಯಾಂಕ್ ಬಂದು ಅವನ ತಲೆ ಕಚ್ಚಿ ಹಾಕ್ತಾನೆ. ಅಷ್ಟೇ, ಕಥೆ ಮುಂದಕ್ಕೆ ಹೋಯ್ತು. ಅಲ್ಟಿಮೇಟ್ಸ್‌ನಲ್ಲಿ ಅವಳಿಗೆ ಆದ ನೋವಿಗೆ ಬೆಲೆ ಇತ್ತು, ಅಲ್ಟಿಮೇಟಮ್‌ನಲ್ಲಿ ಅವಳ ಶವ ಬರೀ ಶಾಕ್ ಕೊಡೋಕೆ. ಎರಡನ್ನೂ ಡಾರ್ಕ್ ಅಂತ ಕರೆದು ಸುಮ್ಮನಾದ್ರೆ ಒಳ್ಳೇ ಬರವಣಿಗೆಗೂ ಅನ್ಯಾಯ, ಓದುಗರಿಗೂ ಅನ್ಯಾಯ. ಅದೂ ಯಾರ ವಿಷಯದಲ್ಲಿ? 1963ರ ಮೊದಲ ಸಂಚಿಕೇಲಿ ತಂಡಕ್ಕೆ ಅವೆಂಜರ್ಸ್ ಅಂತ ಹೆಸರಿಟ್ಟೋಳೇ ಈ ವಾಸ್ಪ್. ಕ್ಯಾಪ್ಟನ್ ಅಮೆರಿಕ ಬಂದಿದ್ದು ನಾಲ್ಕನೇ ಸಂಚಿಕೆಗೆ. 2012ರ ಸಿನಿಮಾದ ತಂಡದಲ್ಲಿ ಅವಳು ಇರ್ಲೇ ಇಲ್ಲ, ಈಗ ನಿಮ್ಮ ಲೇಖನದಲ್ಲೂ ಇಲ್ಲ.

ಮುಂದಿನ ಭಾನುವಾರ ಅಲ್ಟಿಮೇಟ್ಸ್ ದೊಡ್ಡೋರು ಓದೋ ಪುಸ್ತಕ, ಮನೆಯೊಳಗಿನ ಹಿಂಸೆ ಇದರಲ್ಲಿದೆ ಅಂತ ಒಂದು ತಿದ್ದುಪಡಿ ಹಾಕಿ. ಮಕ್ಕಳ ಪಟ್ಟೀಲಿ ಆ ಜಾಗಕ್ಕೆ 2014ರಲ್ಲಿ ಶುರುವಾದ, ಹದಿಹರೆಯದ ಸೂಪರ್‌ಹೀರೋ ಕಮಲಾ ಖಾನ್‌ಳ 'ಮಿಸ್ ಮಾರ್ವೆಲ್' ಸೇರಿಸಿ, ಹೈಸ್ಕೂಲು ಹುಡುಗೀರಿಗೆ ಖಂಡಿತ ಹಿಡಿಸುತ್ತೆ.

— ನಿಮ್ಮ ಪತ್ರಿಕೆಯ ಓದುಗ, ಮೈಸೂರು