ಸ್ಕೋಪ್ ಜಾರಿದ್ದಕ್ಕೆ ನನ್ನ ಕೈ ಕಾರಣವಂತೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
ಪ್ರತಿ: ಮ್ಯಾನೇಜರ್, ತುಮಕೂರು ಮಳಿಗೆ

ವಿಷಯ: ನಿಮ್ಮ ತುಮಕೂರು ಮಳಿಗೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಸ್ಪ್ರಿಂಗ್ ಏರ್ ರೈಫಲ್ ಮತ್ತು ಅದಕ್ಕೆ ನೀವೇ ಕೂರಿಸಿಕೊಟ್ಟ ಸ್ಕೋಪ್ (ಗುರಿ ನೋಡುವ ದುರ್ಬೀನು)

ಮಾನ್ಯರೇ,

ಫೋನಿನಲ್ಲಿ ಮಾತಾಡಿ ಸಾಕಾಗಿದೆ. ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗಲೆಲ್ಲ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ "ನಿಮ್ಮ ದೂರನ್ನು ಮೇಲಿನವರಿಗೆ ಕಳಿಸಿದ್ದೇವೆ ಸರ್" ಎನ್ನುತ್ತಾರೆ. ಮೇಲಿನವರು ಎಷ್ಟು ಮೇಲಿದ್ದಾರೋ ಏನೋ, ದೂರು ಇನ್ನೂ ಹತ್ತುತ್ತಲೇ ಇದೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನಿಮ್ಮ ತುಮಕೂರಿನ ಕೌಂಟರಿನ ಮೇಲೆ. ಸಮಾಧಾನವಾಗಿಯೇ ಬರೆಯಬೇಕು ಅಂತ ಕೂತಿದ್ದೇನೆ. ನೋಡೋಣ.

ನಾನು ಕೊಂಡದ್ದು ನಳಿಗೆ ಬಗ್ಗಿಸಿ ಸ್ಪ್ರಿಂಗ್ ಒತ್ತಿಡುವ ಮಾದರಿ, 0.177 ಇಂಚು ಬೋರ್, ಅಂದರೆ ನಳಿಗೆಯ ತೂತಿನ ಅಳತೆ. ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಪಿಸ್ಟನ್ ಒತ್ತಿದ ಗಾಳಿ ಪೆಲೆಟ್ಟನ್ನು, ಅಂದರೆ ಸಣ್ಣ ಗುಂಡನ್ನು, ಹಾರಿಸುತ್ತದೆ. ರೈಫಲ್‌ಗೆ 6,500 ರೂಪಾಯಿ, ಸ್ಕೋಪ್‌ಗೆ 3,800, ಸ್ಕೋಪನ್ನು ಗನ್ನಿಗೆ ಹಿಡಿಸುವ ಮೌಂಟ್ ಮತ್ತು ಕೂರಿಸಿದ ಕೂಲಿ ಅಂತ 700. ಬಿಲ್ಲಿನ ನಕಲು ಲಗತ್ತಿಸಿದ್ದೇನೆ. ಗನ್ ಮೇಲೆ ನಿಮ್ಮ ಹಸಿರು ಸ್ಟಿಕ್ಕರ್ ಇತ್ತು. ಹಸಿರು ಸ್ಟಿಕ್ಕರ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ ಅಲ್ವಾ? ಬಿಚ್ಚಿ, ತೊಳೆದು, ಹೊಸ ಸ್ಪ್ರಿಂಗ್, ಹೊಸ ಪಿಸ್ಟನ್ ಸೀಲ್ ಹಾಕಿ, ಹೊಡೆದು ನೋಡಿ ಆಮೇಲೆ ಮಾರುವ ಮಾಲು. ಆರು ತಿಂಗಳ ಗ್ಯಾರಂಟಿ. ಬಿಲ್ಲಿನ ಹಿಂದಿರುವ 4ನೇ ಷರತ್ತು ಇನ್ನೂ ಸ್ಪಷ್ಟವಾಗಿದೆ. ಮಳಿಗೆಯ ಸಿಬ್ಬಂದಿಯೇ ಸ್ಕೋಪ್ ಕೂರಿಸಿದ್ದರೆ ಸ್ಕೋಪಿಗೂ ಅದೇ ಗ್ಯಾರಂಟಿ. ಅಕ್ಷರ ಸಣ್ಣದಿದೆ, ನಿಜ. ಆದರೆ ಬರೆದವರು ನೀವೇ.

ಕೊಳ್ಳುವ ದಿನ ನಿಮ್ಮ ಹುಡುಗನ ಬಾಯಲ್ಲಿ "ಸಾರ್" ಬಿಟ್ಟು ಬೇರೆ ಮಾತಿರಲಿಲ್ಲ. "ಕೂತ್ಕೊಳ್ಳಿ ಸಾರ್, ಟೀ ತಗೊಳ್ಳಿ ಸಾರ್." ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಹೊಡೆದದ್ದು ಇಂಥ ಗನ್ನು, ಇಂಥ ಸ್ಕೋಪಿನಲ್ಲೇ ಎಂದೂ ಹೇಳಿದ. ಆಗ ನಕ್ಕು ಸುಮ್ಮನಾದೆ. ಈಗ ಹೇಳುತ್ತೇನೆ, ಆ ಹುಡುಗನಿಗೂ ತಿಳಿಸಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪ್ ಇಡುವಂತೆಯೇ ಇಲ್ಲ. ಸಣ್ಣ ತೂತಿನ ಸೈಟ್‌ನಲ್ಲಿ ನೋಡಿ ಹೊಡೆಯಬೇಕು, ಅದೂ ನಡುವಿನ ಅರ್ಧ ಮಿಲಿಮೀಟರ್ ಚುಕ್ಕಿಗೆ. ಆ ಗನ್ನುಗಳು ಮೊದಲೇ ತುಂಬಿಟ್ಟ ಗಾಳಿಯಿಂದ ನಡೆಯುತ್ತವೆ, ಸ್ಪ್ರಿಂಗಿನಿಂದಲ್ಲ. ಮಾರುವ ಸಾಮಾನಿನ ಬಗ್ಗೆ ಇಷ್ಟಾದರೂ ಗೊತ್ತಿರಬೇಕು.

ತಿಪಟೂರಿಗೆ ತಂದು ತೋಟದ ಹಿಂದೆ ಗುರಿ ಕಟ್ಟಿ ಹೊಡೆದೆ. ನಳಿಗೆಯಿಂದ ಬಿಳಿ ಹೊಗೆ, ಸುಟ್ಟ ಎಣ್ಣೆಯ ವಾಸನೆ, ಪಟಾಕಿಯ ಸದ್ದು. ಫೋನ್ ಮಾಡಿ ಕೇಳಿದರೆ "ಪವರ್ ಜಾಸ್ತಿ ಇದೆ ಅಂತ ಅರ್ಥ ಸಾರ್, ಲಕ್ಕಿ ನೀವು" ಅಂದರು. ಲಕ್ಕಿಯಂತೆ! ಹೊಲಿಗೆ ಮೆಷಿನ್ ಎಣ್ಣೆಯನ್ನೋ ಗಾಡಿ ಎಣ್ಣೆಯನ್ನೋ ಪಿಸ್ಟನ್ ಮುಂದಿನ ಕೋಣೆಗೆ ಸುರಿದರೆ ಹೀಗೇ ಆಗುವುದು. ಪಿಸ್ಟನ್ ನುಗ್ಗಿದಾಗ ಗಾಳಿ ಒತ್ತಿ ಬಿಸಿಯಾಗುತ್ತದೆ, ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ನಡೆಯುವುದೂ ಇದೇ, ಅದಕ್ಕೇ ಇದನ್ನು ಡೀಸಲಿಂಗ್ ಅನ್ನುತ್ತಾರೆ. ಇದು ಮುಂದುವರಿದರೆ ಸೀಲ್ ಸುಡುತ್ತದೆ, ಸ್ಪ್ರಿಂಗ್ ಹಾಳಾಗುತ್ತದೆ, ಗನ್ ಇನ್ನೂ ಜೋರಾಗಿ ಒದೆಯುತ್ತದೆ. ಅಲ್ಲಿಗೆ ಹಾಕಬೇಕಾದದ್ದು ಸಿಲಿಕೋನ್ ಎಣ್ಣೆ, ಅದೂ ಒಂದೆರಡು ಹನಿ. ಬಿಚ್ಚಿ ತೊಳೆದವರಿಗೆ ಇದು ಗೊತ್ತಿರಲೇಬೇಕು. ಬಿಚ್ಚಿದ್ದರೆ.

ಆಮೇಲೆ ಸ್ಕೋಪ್. ಒಂದೇ ಕಡೆ ಗುರಿ ಇಟ್ಟರೂ ಪೆಲೆಟ್ ದಿನಕ್ಕೊಂದು ಕಡೆ ಬೀಳುತ್ತಿತ್ತು. ಅನುಮಾನ ಬಂದು ಮೌಂಟಿನ ಹಿಂದಿನ ಅಂಚಿಗೆ ಸರಿಯಾಗಿ, ಗನ್ ಮೇಲೆ ಮೌಂಟ್ ಕೂರುವ ಪಟ್ಟಿಯ, ಅಂದರೆ ರೈಲಿನ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣ ಗೆರೆ ಎಳೆದೆ. ಅರ್ಧ ಡಬ್ಬ ಪೆಲೆಟ್ ಮುಗಿಯುವಷ್ಟರಲ್ಲಿ ಗೆರೆ ಮೌಂಟಿನ ಅಡಿಗೆ ಹೋಗಿ ಮಾಯವಾಗಿತ್ತು. ಅಂದರೆ ಸ್ಕೋಪ್ ಹಿಂದಕ್ಕೆ, ನನ್ನ ಕಣ್ಣಿನ ಕಡೆಗೆ ಜಾರುತ್ತಿತ್ತು. ಮೌಂಟ್ ಬಿಚ್ಚಿ ನೋಡಿದರೆ ಅದು ಜಾರದಂತೆ ತಡೆಯುವ ಸ್ಟಾಪ್ ಪಿನ್ನೇ ಇಲ್ಲ. ರೈಲಿನಲ್ಲಿ ಪಿನ್ ಕೂರಲು ತೂತಿದೆ. ಪಿನ್ ಇಲ್ಲ. ಎರಡು ತುಂಡಿನ ಸಾದಾ ಮೌಂಟ್ ಹಾಕಿ ಸ್ಕ್ರೂ ತಿರುವಿ ಕೊಟ್ಟಿದ್ದೀರಿ.

ಸ್ಪ್ರಿಂಗ್ ಗನ್ ಎರಡೂ ಕಡೆ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ಹೊರಟಾಗ ಗನ್ ಹಿಂದಕ್ಕೆ, ಪಿಸ್ಟನ್ ಗಾಳಿಗೆ ಗುದ್ದಿ ನಿಂತಾಗ ಗನ್ ಮುಂದಕ್ಕೆ. ಮದ್ದಿನ ಬಂದೂಕು ಒದೆಯುವುದು ಹಿಂದಕ್ಕೆ ಮಾತ್ರ. ಅದಕ್ಕೆ ಅಂತ ಮಾಡಿದ ಸ್ಕೋಪ್ ಈ ಮುಂದಿನ ಎಳೆತಕ್ಕೆ ತಡೆಯುವುದಿಲ್ಲ, ಒಳಗಿನ ಗಾಜು ಸಡಿಲವಾಗುತ್ತದೆ. ನೀವು ಕೊಟ್ಟದ್ದು ಅಂಥದ್ದೇ ಅಂತ ಅದರ ಡಬ್ಬವೇ ಹೇಳುತ್ತದೆ. ಪ್ಯಾರಲ್ಯಾಕ್ಸ್, ಅಂದರೆ ಕಣ್ಣು ಅಲುಗಿದರೂ ಸ್ಕೋಪಿನೊಳಗಿನ ಪ್ಲಸ್ ಗುರುತು ಗುರಿಯ ಮೇಲೇ ನಿಲ್ಲುವ ದೂರ, 100 ಗಜಕ್ಕೆ ಕಟ್ಟಿದ್ದು, ಬದಲಾಯಿಸುವ ರಿಂಗ್ ಇಲ್ಲ. 0.177 ಗನ್ನಿನಲ್ಲಿ ನಾನು ಹೊಡೆಯುವುದು ಹತ್ತು ಹದಿನೈದು ಮೀಟರಿಗೆ. ಅಷ್ಟು ಹತ್ತಿರಕ್ಕೆ ಗುರಿ ಮಸುಕಾಗಿ ಕಾಣುತ್ತದೆ, ಕಣ್ಣು ಸ್ವಲ್ಪ ಅಲುಗಿದರೆ ಪ್ಲಸ್ ಗುರುತೂ ಅಲುಗುತ್ತದೆ. ಈಗ ಆ ಪ್ಲಸ್ ಓರೆಯಾಗಿ ನಿಂತಿದೆ. ಸ್ಕೋಪನ್ನು ಕಿವಿಯ ಹತ್ತಿರ ಇಟ್ಟು ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಅನ್ನುತ್ತದೆ.

ಇನ್ನು ಕೌಂಟರಿನ ಕತೆ. ಇದಕ್ಕಾಗಿಯೇ ಈ ಪತ್ರ.

ಗನ್ನನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದೆ. ಕಂಡಕ್ಟರ್ ಗುದ್ದಲಿ ಕಾವು ಅಂದುಕೊಂಡರು, ನಾನೂ ಹೂಂ ಅಂದೆ. ಮಳಿಗೆಯಲ್ಲಿ ಜನ ಇದ್ದರು. ಷಟಲ್ ರಾಕೆಟ್ ನೋಡುತ್ತಿದ್ದ ಗಂಡ ಹೆಂಡತಿ, ಕೇರಂ ಬೋರ್ಡಿಗೆ ಬಂದಿದ್ದ ಮೂವರು ಕಾಲೇಜು ಹುಡುಗರು, ಮಗುವಿಗೆ ಸೈಕಲ್ ಹೆಲ್ಮೆಟ್ ಹಾಕಿ ನೋಡುತ್ತಿದ್ದ ಒಬ್ಬ ತಾಯಿ. ಅದೇ ಹುಡುಗ. ಬಿಲ್ ಕೈಗೆ ಕೊಟ್ಟೆ. ದೂರು ಅಂತ ಗೊತ್ತಾದ ಕೂಡಲೇ "ಸಾರ್" ಹೋಗಿ "ಅಂಕಲ್" ಬಂತು.

"ಅಂಕಲ್, ಜಾತ್ರೆಲಿ ಬಲೂನ್ ಹೊಡೆದಿದ್ದು ಬಿಟ್ರೆ ಬೇರೆ ಗನ್ ಹಿಡಿದಿದ್ದೀರಾ?"

ಹಿಡಿದಿದ್ದೇನೆ ಅಂದೆ.

"ಹಕ್ಕಿಗಿಕ್ಕಿ ಹೊಡೆಯೋಕೆ ತಗೊಂಡ್ರಾ?"

1972ರ ವನ್ಯಜೀವಿ ಕಾಯ್ದೆ ನನಗೂ ಗೊತ್ತು, ಗುರಿ ಹಲಗೆಗೆ ಹೊಡೆಯೋಕೆ ಅಂದೆ. ಹೋಗಲಿ, ಲೈಸೆನ್ಸ್ ಬೇಡದ 20 ಜೂಲ್ ಶಕ್ತಿಯ ಒಳಗಿನ ಗನ್ನಿಗೂ ಆಧಾರ್ ಪ್ರತಿ ಕೊಟ್ಟು ನಿಮ್ಮ ರಿಜಿಸ್ಟರಿನಲ್ಲಿ ಸಹಿ ಹಾಕಿದವನು ನಾನು. ನನ್ನನ್ನು ಕೇಳುವ ಪ್ರಶ್ನೆಯೇ ಇದು?

"ಹಿಡಿಯೋದ್ರಲ್ಲೇ ಮಿಸ್ಟೇಕ್ ಇರುತ್ತೆ ಅಂಕಲ್. ಹೆಂಗೆ ಹಿಡೀತೀರ, ತೋರ್ಸಿ."

ಗನ್ ಎತ್ತಿಕೊಳ್ಳಲು ಹೋದೆ. ಬೇಡ, ಕಸ್ಟಮರ್ ಇದ್ದಾರೆ, ಹೆದರಿಕೊಳ್ಳುತ್ತಾರೆ ಅಂದ. ಮೂಲೆಯಲ್ಲಿ ನೇತುಹಾಕಿದ್ದ ಕೊಡೆ ತಂದು ಕೈಗೆ ಕೊಟ್ಟ. ಕಪ್ಪು ಕೊಡೆ, ಇನ್ನೂ ಒದ್ದೆ ಇತ್ತು. ಯಾರದ್ದೋ.

ಹಿಡಿದೆ. ಯಾಕೆ ಹಿಡಿದೆ ಅಂತ ಕೇಳಬೇಡಿ, ನ್ಯಾಯ ಸಿಗುತ್ತೆ ಅನ್ನುವ ಆಸೆ. ಎಡಗೈ ಅಗಲವಾಗಿ ಬಿಚ್ಚಿ ಅದರ ಮೇಲೆ ಕೊಡೆ ಇಟ್ಟು, ಭುಜಕ್ಕೆ ಹಗುರವಾಗಿ ತಾಗಿಸಿ, ಒಂದು ಕಣ್ಣು ಮುಚ್ಚಿ ನಿಂತೆ. ಕೊಡೆಯ ತುದಿಯಿಂದ ನೀರು ಕೇರಂ ಬೋರ್ಡಿನ ಮೇಲೆ ತೊಟ್ಟಿಕ್ಕಿತು. ಹುಡುಗರಲ್ಲಿ ಒಬ್ಬ ಮೊಬೈಲ್ ಎತ್ತಿದ.

"ನೋಡಿದ್ರಾ? ಮಗು ಎತ್ಕೊಂಡಂಗೆ ಹಿಡಿದ್ರೆ ಗುರಿ ಎಲ್ಲಿ ಬೀಳುತ್ತೆ! ಗಟ್ಟಿಯಾಗಿ ಹಿಡೀಬೇಕು, ಭುಜಕ್ಕೆ ಒತ್ತಿ ಹಿಡೀಬೇಕು." ಹಿಂದಿನಿಂದ ಬಂದು ನನ್ನ ಮೊಣಕೈಯನ್ನು ತಾನೇ ಒತ್ತಿ ಸರಿ ಮಾಡಿದ. ಹೆಲ್ಮೆಟ್ ಹಾಕಿಕೊಂಡ ಮಗು ಕೂಡ ನಕ್ಕಿತು.

ಸ್ಪ್ರಿಂಗ್ ಗನ್ನನ್ನು ಹಿಡಿಯಬೇಕಾದದ್ದೇ ಸಡಿಲವಾಗಿ. ಅದು ಒದೆಯುವಷ್ಟು ಒದೆಯಲಿ ಅಂತ ಬಿಟ್ಟರೆ ಪ್ರತಿ ಸಲ ಒಂದೇ ಥರ ಒದೆಯುತ್ತದೆ, ಪೆಲೆಟ್ ಒಂದೇ ಕಡೆ ಬೀಳುತ್ತದೆ. ಬಿಗಿ ಹಿಡಿದರೆ ಗುರಿ ಚದುರುತ್ತದೆ. ಸ್ಪ್ರಿಂಗ್ ಗನ್ನಿನ ಮೊದಲ ಪಾಠವೇ ಇದು. ಆ ಅಂಗಡಿಯಲ್ಲಿ ಸರಿಯಾಗಿ ಹಿಡಿದಿದ್ದವನು ನಾನೊಬ್ಬನೇ, ಕೊಡೆಯಾದರೂ ಸರಿ. ಇದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗ ಗೋಣಿಚೀಲದಿಂದ ಗನ್ ತೆಗೆದು, ನಳಿಗೆ ಬಗ್ಗಿಸಿ, ಪೆಲೆಟ್ ಹಾಕದೆಯೇ ಟ್ರಿಗರ್ ಒತ್ತಿದ. ಜನ ಹೆದರುತ್ತಾರೆ ಅಂದವನೇ! "ನೋಡಿ, ಗನ್ ಪರ್ಫೆಕ್ಟ್ ಆಗಿದೆ." ಮತ್ತೆ ಬಗ್ಗಿಸಿದ, ಮತ್ತೆ ಒತ್ತಿದ. ಪೆಲೆಟ್ ಇಲ್ಲದಿದ್ದರೆ ಗಾಳಿ ತಡೆಯಿಲ್ಲದೆ ಹೊರಗೆ ಹೋಗುತ್ತದೆ, ಪಿಸ್ಟನ್ ಸೀದಾ ಹೋಗಿ ಲೋಹಕ್ಕೆ ಗುದ್ದುತ್ತದೆ. ಹೀಗೆ ಮಾಡಬೇಡಿ ಅಂತ ನಿಮ್ಮದೇ ಗ್ಯಾರಂಟಿ ಕಾರ್ಡಿನಲ್ಲಿ ಕೆಂಪಕ್ಷರದಲ್ಲಿದೆ. ಗ್ರಾಹಕ ಮಾಡಿದರೆ ಗ್ಯಾರಂಟಿ ರದ್ದು. ನಿಮ್ಮವರು ಮಾಡಿದರೆ ಏನು ರದ್ದು?

ಟೆಸ್ಟ್ ರಿಜಿಸ್ಟರ್ ತೋರಿಸಿ ಅಂದೆ. ಮ್ಯಾನೇಜರ್ ಒಳಗಿನಿಂದ ತಂದರು. ಪುಟದ ಮೊದಲ ಸಾಲಿನಲ್ಲಿ "ಸರಿ ಇದೆ" ಅಂತ ಇತ್ತು. ಅದರ ಕೆಳಗೆ ಪುಟ ಮುಗಿಯುವವರೆಗೂ ಅದೇ ಅಂತ ಎರಡೆರಡು ಗೀಟು. ನನ್ನ ಗನ್ನಿನ ಮುಂದೆ ಇದ್ದದ್ದೂ ಗೀಟು. ಎಷ್ಟು ಮೀಟರಿಗೆ ಹೊಡೆದರು, ಯಾರು ಹೊಡೆದರು, ಸೀಲ್ ಯಾವಾಗ ಬದಲಾಯಿತು, ಆ ಕಾಲಂಗಳೆಲ್ಲ ಖಾಲಿ. ಮ್ಯಾನೇಜರ್ ಪುಸ್ತಕ ಮುಚ್ಚಿ, "ಸ್ಕೋಪಿಗೆ ಫಿಸಿಕಲ್ ಡ್ಯಾಮೇಜ್ ಆಗಿದೆ, ಕವರ್ ಆಗಲ್ಲ. ಬೇಕಿದ್ರೆ ಹೊಸದರ ಮೇಲೆ ಹತ್ತು ಪರ್ಸೆಂಟ್ ಬಿಡ್ತೀವಿ" ಅಂದರು. ಅದೇ ಕಂಪನಿಯ ಅದೇ ಸ್ಕೋಪ್. ಅದೂ ಮುರಿದ ಮೇಲೆ ಇನ್ನೊಂದು ಹತ್ತು ಪರ್ಸೆಂಟ್ ಇರಬೇಕು.

ನನಗೆ ಬೇಕಾದದ್ದು ಇಷ್ಟು. ಸ್ಕೋಪ್, ಮೌಂಟ್ ಮತ್ತು ಕೂಲಿಯ 4,500 ರೂಪಾಯಿ ವಾಪಸ್. ಗನ್ನಿಗೆ ಹೊಸ ಸ್ಪ್ರಿಂಗ್, ಹೊಸ ಸೀಲ್, ನನ್ನ ಕಣ್ಣೆದುರಿಗೇ ಹಾಕಬೇಕು. ಆಗದಿದ್ದರೆ ಗನ್ನನ್ನೇ ವಾಪಸ್ ತಗೊಂಡು ಪೂರ್ತಿ 11,000 ಕೊಡಿ. ಬಿಲ್ಲಿನ ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಸೀಲ್ ಒತ್ತಿದ್ದೀರಿ. ದೋಷವಿರುವ ಮಾಲನ್ನು ವಾಪಸ್ ತಗೊಳ್ಳದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನಿಮ್ಮ ರಬ್ಬರ್ ಸೀಲು ಕಾಯ್ದೆಗಿಂತ ದೊಡ್ಡದಲ್ಲ.

ಈ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಕೈ ಸೇರಿದ ಹದಿನೈದು ದಿನದಲ್ಲಿ ಉತ್ತರ ಬರಬೇಕು, ಅದೂ ಬರಹದಲ್ಲಿ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ನನಗೆ ಬಿಡುವೂ ಇದೆ. ನಿಜ ಹೇಳಬೇಕೆಂದರೆ, ನೀವು ಉತ್ತರ ಕೊಡದಿದ್ದರೇ ಚೆನ್ನಾಗಿರುತ್ತೆ ಅನ್ನುವ ಮಟ್ಟಕ್ಕೆ ಬಂದಿದ್ದೇನೆ.

ಇನ್ನೊಂದು ಮಾತು. ಕೌಂಟರಿನ ಮೇಲೆ ನಿಮ್ಮ ಸಿಸಿಟಿವಿ ಕ್ಯಾಮೆರಾ ಇದೆ. ಆ ದಿನದ ರೆಕಾರ್ಡಿಂಗ್ ಅಳಿಸಬೇಡಿ. ಅಳಿಸಿದರೆ ಅದಕ್ಕೂ ಬೇರೆ ದೂರು ಕೊಡುತ್ತೇನೆ. ನಿಮ್ಮ ಹುಡುಗ ಪೆಲೆಟ್ ಇಲ್ಲದ ಗನ್ನನ್ನು ಎರಡು ಸಲ ಹೊಡೆದದ್ದನ್ನು ಆಯೋಗದವರು ಕಣ್ಣಾರೆ ನೋಡಲಿ. ಕೊಡೆಯದ್ದೂ ನೋಡಲಿ, ನನಗೇನೂ ನಾಚಿಕೆ ಇಲ್ಲ.

ಇಂತಿ,
ಬಿಲ್ಲು ಜೋಪಾನವಾಗಿ ಇಟ್ಟುಕೊಂಡಿರುವ ನಿಮ್ಮ ಗ್ರಾಹಕ
ತಿಪಟೂರು

ಲಗತ್ತು: ಬಿಲ್ಲಿನ ಎರಡೂ ಬದಿಯ ನಕಲು, ಗ್ಯಾರಂಟಿ ಕಾರ್ಡಿನ ನಕಲು, ಪಿನ್ ಇಲ್ಲದ ಮೌಂಟಿನ ಮತ್ತು ಪೆನ್ಸಿಲ್ ಗೆರೆಯ ಫೋಟೊಗಳು